ತಕ್ಕೋಲದ ಕಳ: ಒಂದು ಶಾಸನಪದದ ಬೆನ್ನುಹತ್ತಿ

ಹತ್ತನೆಯ ಶತಮಾನದ ದಕ್ಷಿಣ ಭಾರತದ ರಾಜಕೀಯವನ್ನು ಒಂದೇ ದಿನದಲ್ಲಿ ತಿರುಗಿಸಿಬಿಟ್ಟ ಕಾಳಗ ತಕ್ಕೋಲದ್ದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಸೈನ್ಯವೂ ಚೋಳ ಪರಾಂತಕನ ಹಿರಿಯ ಮಗ ರಾಜಾದಿತ್ಯನ ಸೈನ್ಯವೂ ಅಲ್ಲಿ ಎದುರಾದವು, ರಾಜಾದಿತ್ಯ ಮಡಿದ, ಚೋಳರ ಏಳಿಗೆ ಮೂರು ದಶಕಗಳಿಗೂ ಹೆಚ್ಚು ಕಾಲ ತಡೆಯಿತು. ಇಷ್ಟನ್ನು ಯಾವ ಪಠ್ಯಪುಸ್ತಕವಾದರೂ ಹೇಳುತ್ತದೆ. ಆದರೆ ಈ ಕಾಳಗದ ಅತ್ಯಂತ ವಿವರವಾದ ಸಮಕಾಲೀನ ಸಾಕ್ಷ್ಯ ಕನ್ನಡದಲ್ಲಿದೆ, ಅದೂ ಒಂದು ನಾಯಿಯ ಸ್ಮಾರಕಶಿಲೆಯ ಮೇಲೆ ಇದೆ ಎಂಬುದು ಹೊರನಾಡಿನ ಇತಿಹಾಸ ವಿಭಾಗಗಳಲ್ಲಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಆ ಶಿಲೆಯ ಒಂದು ಪದದ ದೆಸೆಯಿಂದ ನಾವು ತಕ್ಕೋಲಕ್ಕೆ ಹೋಗಿಬರಬೇಕಾಯಿತು. ಆ ಪ್ರಯಾಣದ ಫಲವನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಪ್ರಸಂಗ ತರಗತಿಯಲ್ಲಿ ಹುಟ್ಟಿತು. ಹಳಗನ್ನಡ ಶಾಸನಗಳ ಪಾಠದಲ್ಲಿ ಆತಕೂರಿನ ಶಾಸನವನ್ನು ಓದಿಸುತ್ತಿದ್ದೆವು. ಗಂಗ ಬೂತುಗನು ರಾಜಾದಿತ್ಯನನ್ನು ಕೊಂದ ಸಂದರ್ಭ ಬಂದಾಗ, ನಾವು ವಿದ್ಯಾರ್ಥಿಗಳಾಗಿದ್ದ ಕಾಲದ ಟಿಪ್ಪಣಿಯನ್ನೇ ನಂಬಿ, ಬೂತುಗನು ಮೋಸದಿಂದ ಸುರಿಗೆಯಲ್ಲಿ ಇರಿದು ಕೊಂದನೆಂದು ಅರ್ಥ ಹೇಳಿದೆವು. ಹಲವು ವರ್ಷಗಳಿಂದ ಹಾಗೆಯೇ ಹೇಳಿಕೊಂಡು ಬಂದಿದ್ದೆವು, ಯಾರೂ ಕೇಳಿರಲಿಲ್ಲ. ಈ ಸಲ ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿತ ತಮಿಳು ಸಂಶೋಧನ ವಿದ್ಯಾರ್ಥಿಯೊಬ್ಬ ಎದ್ದುನಿಂತು, "ಹಾಗಾದರೆ ಸರ್, ನಮ್ಮ ರಾಜಕುಮಾರನನ್ನು ನಿಮ್ಮವರು ಮೋಸದಿಂದ ಕೊಂದರು ಎಂದು ನಿಮ್ಮ ಕಲ್ಲೇ ಒಪ್ಪಿಕೊಂಡಿದೆ, ಅಲ್ಲವೆ?" ಎಂದ. ತರಗತಿ ನಕ್ಕಿತು. ನಮಗೆ ನಗು ಬರಲಿಲ್ಲ. ಗೆದ್ದವನು ತನ್ನ ಗೆಲವಿನ ಕಲ್ಲಿನಲ್ಲಿ ತನ್ನ ಮೋಸವನ್ನು ತಾನೇ ಕೊರೆಸುವನೆ? ಇಷ್ಟು ಸರಳವಾದ ಪ್ರಶ್ನೆಯನ್ನು ನಾವು ಇಷ್ಟು ವರ್ಷ ನಮಗೆ ನಾವೇ ಹಾಕಿಕೊಂಡಿರಲಿಲ್ಲ.

ಶಾಸನದ ವಿಚಾರಕ್ಕೆ ಮುಂದೆ ಬರುತ್ತೇವೆ. ಮೊದಲು ಸ್ಥಳವನ್ನು ಕಾಣಬೇಕೆನಿಸಿತು. ಅದೇ ವಿದ್ಯಾರ್ಥಿಯನ್ನು ಜತೆಗೆ ಕರೆದುಕೊಂಡು, ಸಾಂಬಾ ಬೆಳೆಯ ಕೊಯ್ಲು ಮುಗಿಯುತ್ತಿದ್ದ ದಿನಗಳಲ್ಲಿ, ಚೆನ್ನೈ ಸೆಂಟ್ರಲ್‌ನಿಂದ ಅರಕ್ಕೋಣದ ಲೋಕಲ್ ರೈಲನ್ನು ಹಿಡಿದೆವು. ದಾರಿಯಲ್ಲಿ ತಿರುವಾಲಂಗಾಡು ಎಂಬ ನಿಲ್ದಾಣ ಬರುತ್ತದೆ. ರಾಜೇಂದ್ರ ಚೋಳನ ಪ್ರಸಿದ್ಧ ತಾಮ್ರಪಟಗಳು ದೊರೆತ ಊರದು. ಹೀಗೆ ಇತಿಹಾಸದ ಅಡಿಟಿಪ್ಪಣಿಗಳೆಲ್ಲ ನಿಲ್ದಾಣದ ಹಲಗೆಗಳಾಗಿ ಎದುರು ಬಂದುಹೋಗುವುದು ಈ ಮಾರ್ಗದ ವಿಶೇಷ. ಅರಕ್ಕೋಣದಿಂದ ಕಾಂಚೀಪುರದ ಕಡೆಗೆ ಹೋಗುವ ಕವಲುಹಾದಿಯಲ್ಲಿ ತಕ್ಕೋಲಕ್ಕೂ ಒಂದು ನಿಲ್ದಾಣವಿದೆ. ಆದರೆ ಆ ಹಾದಿಯ ಗಾಡಿಗಳು ವಿರಳವಾದ್ದರಿಂದ ಆಟೋರಿಕ್ಷಾ ಹಿಡಿದೆವು. ಊರು ಈಗ 2019ರಲ್ಲಿ ರಚಿತವಾದ ರಾಣಿಪೇಟೆ ಜಿಲ್ಲೆಗೆ ಸೇರಿದೆ.

ಕಾಳಗದ ಕುರುಹು ಅಲ್ಲಿ ಏನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಪಾಣಿಪತ್ತಿನಲ್ಲಿರುವಂತೆ ಸ್ಮಾರಕಸ್ತಂಭವಾಗಲಿ, ತೋರಿಸುವ ಮಾರ್ಗದರ್ಶಿಯಾಗಲಿ ನಮಗೆ ಕಾಣಲಿಲ್ಲ. ಕೊಸಸ್ತಲೈ ಹೊಳೆಯ ಮರಳು, ಬತ್ತದ ಗದ್ದೆ, ತಾಳೆಮರಗಳ ಸಾಲು, ಅಷ್ಟೆ. ಎರಡು ಸೈನ್ಯಗಳು ಆನೆಕುದುರೆಗಳೊಡನೆ ಎದುರಾಗಲು ಬೇಕಾದ ಬಯಲು ಮಾತ್ರ ಧಾರಾಳವಾಗಿದೆ. ತೊಂಡೈಮಂಡಲಕ್ಕೆ ವಾಯವ್ಯದಿಂದ ಇಳಿದುಬರುವ ಸೈನ್ಯಕ್ಕೆ ಕಂಚಿಯನ್ನು ತಲುಪುವ ಮುನ್ನ ಇಂಥ ಬಯಲು, ಇಂಥ ನೀರು ಅಗತ್ಯವಾಗಿದ್ದಿತೆಂಬುದು ನಕ್ಷೆಯನ್ನು ನೋಡಿದಾಗ ಹೊಳೆಯದಿದ್ದರೂ ನೆಲದ ಮೇಲೆ ನಿಂತಾಗ ಹೊಳೆಯುತ್ತದೆ.

ನೀರಿನ ಮಾತು ಬಂದಿತು. ಊರಿನ ಜಲನಾಥೇಶ್ವರ ದೇವಾಲಯದ ಪ್ರಾಚೀನ ಹೆಸರು ತಿರುವೂರಲ್. ಸಂಬಂಧರ್ ಹಾಡಿದ ಕ್ಷೇತ್ರವಾದ್ದರಿಂದ ಕಾಳಗಕ್ಕಿಂತ ಕೆಲವು ಶತಮಾನ ಹಿಂದಿನದು. ಇಲ್ಲಿಯ ನಂದಿಯ ಬಾಯಿಂದ ಒರತೆಯ ನೀರು ಜಿನುಗುತ್ತಿದ್ದಿತೆಂದು ಪ್ರತೀತಿ. ಊರಲ್ ಎಂದರೆ ಜಿನುಗುವಿಕೆ. ಕನ್ನಡಿಗರು 'ಬಾಯಲ್ಲಿ ನೀರೂರಿತು' ಎನ್ನುವಾಗ ಬಳಸುವ ಊರು ಧಾತುವೇ ಇದು. ಈ ಗುಡಿಯ ಗೋಡೆಗಳಲ್ಲಿ ರಾಜಾದಿತ್ಯನ ಮುತ್ತಾತನಲ್ಲ, ತಾತನಾದ ಮೊದಲನೆಯ ಆದಿತ್ಯನ 24ನೆಯ ಆಳ್ವಿಕೆಯ ವರ್ಷದ ಶಾಸನವೊಂದಿದೆ. ಅದರಲ್ಲಿ ಉಕ್ತವಾದ ಸೂರ್ಯಗ್ರಹಣ ಆದಿತ್ಯನ ಕಾಲನಿರ್ಣಯಕ್ಕೆ ವಿದ್ವಾಂಸರಿಗೆ ನೆರವಾಗಿದೆ. ಮೊಮ್ಮಗ ಮಡಿದದ್ದು ತಾತನ ಕಾಲದ ದತ್ತಿಗಳಿದ್ದ ಗುಡಿಯ ಕಣ್ಣಳತೆಯಲ್ಲಿ.

ಗುಡಿಯಿಂದ ಹೊರಬಂದಾಗ ವಿದ್ಯಾರ್ಥಿ ಎಳನೀರು ಹುಡುಕಿಕೊಂಡು ಹೋಗಿದ್ದ. ನಮ್ಮ ತಮಿಳಿನ ಮೇಲೆ ನಮಗಿದ್ದ ನಂಬಿಕೆ ಸ್ವಲ್ಪ ಹೆಚ್ಚಿನದು. ಜಗಲಿಯ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು, ರಣರಂಗ ಎಲ್ಲಿ ಎಂಬ ಅರ್ಥದಲ್ಲಿ, "ಐಯಾ, ಕಳಂ ಎಂಗೇ?" ಎಂದು ಕೇಳಿದೆವು. ಅವರು ಎದ್ದು, ಮರುಮಾತಿಲ್ಲದೆ ಎರಡು ಓಣಿ ದಾಟಿಸಿ, ಗದ್ದೆಯಂಚಿನ ಸಿಮೆಂಟಿನ ಚೌಕವೊಂದನ್ನು ತೋರಿಸಿದರು. ಬತ್ತ ಒಣಗುತ್ತಿತ್ತು. ಇಬ್ಬರು ಹೆಂಗಸರು ಕಾಲಿನಿಂದ ಗೆರೆಗೆರೆಯಾಗಿ ಅದನ್ನು ಕೆದರುತ್ತಿದ್ದರು. ಅದು ಊರಿನ ಒಕ್ಕುವ ಕಣ! 'ಪೋರ್‌ಕ್ಕಳಂ' ಎಂದು ಬಿಡಿಸಿ ಕೇಳಬೇಕಾಗಿತ್ತು. ಹಾಗೆ ಕೇಳಿದ್ದರೂ ಅಪಾಯವಿರಲಿಲ್ಲವೆಂದು ಹೇಳಲಾರೆವು. ತಮಿಳಿನಲ್ಲಿ ಪೋರ್ ಎಂದರೆ ಕಾಳಗವೂ ಹೌದು, ಹುಲ್ಲಿನ ಬಣವೆಯೂ ಹೌದು, ಮತ್ತು ಬಣವೆ ಅಲ್ಲೇ ಪಕ್ಕದಲ್ಲಿತ್ತು. ವಿದ್ಯಾರ್ಥಿ ಎಳನೀರಿನೊಡನೆ ಬಂದು ನಮ್ಮನ್ನು ಕಣದ ನಡುವೆ ಕಂಡು ಚೆನ್ನಾಗಿ ನಕ್ಕ. ತರಗತಿಯ ನಗುವಿಗೆ ಬಡ್ಡಿ ಸೇರಿತು.

ಆದರೆ ಆ ಹಿರಿಯರು ನಮಗೆ ತೋರಿಸಿದ್ದು ತಪ್ಪು ಜಾಗವನ್ನಲ್ಲ. ನಮ್ಮ ಪ್ರಶ್ನೆಯ ಉತ್ತರ ಅಲ್ಲಿಯೇ ಒಣಗುತ್ತಿತ್ತು.

ಈಗ ಶಾಸನಕ್ಕೆ ಬರೋಣ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ, ಚಲ್ಲೇಶ್ವರ ದೇವಾಲಯದ ಬಳಿ ಈ ಶಿಲೆಯಿದ್ದಿತು. ಅದೀಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಫ್ಲೀಟರು 'ಎಪಿಗ್ರಾಫಿಯ ಇಂಡಿಕ'ದ ಎರಡನೆಯ ಸಂಪುಟದಲ್ಲಿಯೂ ರೈಸರು 'ಎಪಿಗ್ರಾಫಿಯ ಕರ್ನಾಟಿಕ'ದ ಮೂರನೆಯ ಸಂಪುಟದಲ್ಲಿಯೂ ಇದನ್ನು ಪ್ರಕಟಿಸಿದ್ದಾರೆ. ಶಕ 872, ಸೌಮ್ಯ ಸಂವತ್ಸರ, ಎಂದರೆ ಕ್ರಿ.ಶ. 949-50. ಕಲ್ಲಿನ ಮೇಲೆ ರಾಜನ ಚಿತ್ರವಿಲ್ಲ, ವೀರನ ಚಿತ್ರವಿಲ್ಲ, ಆನೆಯಿಲ್ಲ. ಒಂದು ನಾಯಿ, ಒಂದು ಹಂದಿ, ಪರಸ್ಪರ ಮೇಲೆರಗಿ ಹೋರಾಡುತ್ತಿವೆ.

ಬರಹ ಎರಡು ಭಾಗಗಳಾಗಿ ನಡೆಯುತ್ತದೆ. ಮೊದಲ ಭಾಗದಲ್ಲಿ ಕೃಷ್ಣರಾಜನು ತಕ್ಕೋಲದಲ್ಲಿ ಮೂವಡಿಚೋಳ ರಾಜಾದಿತ್ಯನನ್ನು ಕಾದಿ ಕೊಂದು ವಿಜಯಿಯಾಗಿ ತೆರಳುತ್ತಿದ್ದ ಸಂದರ್ಭ. ಬೂತುಗನ ಆಳಾದ ಮಣಲೇರನೆಂಬ ಸಗರವಂಶದ ವೀರನ ಪರಾಕ್ರಮವನ್ನು ಮೆಚ್ಚಿ ಚಕ್ರವರ್ತಿ ಬೇಡಿದುದನ್ನು ಕೇಳೆನ್ನುತ್ತಾನೆ. ಮಣಲೇರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಕೆಳಲೆನಾಡಿನಲ್ಲಿ ಬೆಳತೂರಿನ ಬೆಟ್ಟದ ಬಳಿ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಡಲಾಯಿತು; ಎರಡೂ ಒಟ್ಟಿಗೇ ಸತ್ತವು. ಅದಕ್ಕಾಗಿ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಕೆರೆಯ ಕೆಳಗೆ ನೆಲ ಬಿಟ್ಟರು. ಆ ಸ್ಥಾನವನ್ನಾಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವನ್ನು ಹೊರುವನೆಂದು ಶಾಪವಿದೆ.

ಎರಡನೆಯ ಭಾಗ ಬೂತುಗನದು. ಎರೆಯಪನ ಮಗ ರಾಚಮಲ್ಲನನ್ನು ಕೊಂದು ಗಂಗವಾಡಿ ತೊಂಬತ್ತಾರು ಸಾಸಿರವನ್ನು ಆಳುತ್ತಿದ್ದ ಬೂತುಗ, ಕೃಷ್ಣನು ಚೋಳನೊಡನೆ ಕಾದುವಾಗ ರಾಜಾದಿತ್ಯನನ್ನು ಇರಿದು ಕೊಂದ. ಅದಕ್ಕೆ ಮೆಚ್ಚಿ ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವನ್ನು ಕೊಟ್ಟ. ಬೂತುಗ ತನ್ನ ಮುಂದೆ ನಿಂತು ಕಾದಿದ ಮಣಲೇರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕಾದಿಯೂರನ್ನೂ ಬಾಳ್ಗಚ್ಚಾಗಿ ಕೊಟ್ಟ. ಬಾಳ್ಗಚ್ಚು ಎಂದರೆ ಬಾಳನ್ನು, ಅಂದರೆ ಖಡ್ಗವನ್ನು, ತೊಳೆದು ಕೊಡುವ ದತ್ತಿ. ರಕ್ತ ಒಣಗುವ ಮೊದಲೇ ಕೊಟ್ಟದ್ದೆಂಬ ಭಾವ ಆ ಪದದಲ್ಲಿಯೇ ಇದೆ.

ವಿವಾದದ ಪದ ಇರುವುದು ಈ ಎರಡನೆಯ ಭಾಗದಲ್ಲಿ. ಬೂತುಗನು ರಾಜಾದಿತ್ಯನನ್ನು 'ಬಿಸುಗೆಯೆ ಕಳನಾಗಿ' ಸುರಿಗೆಯಲ್ಲಿ ಇರಿದನೆಂದು ಬರಹ. ಮೊದಮೊದಲ ಅನುವಾದಗಳಲ್ಲಿ ಇಲ್ಲಿ ಕಪಟದ ಅರ್ಥ ಹೊಕ್ಕಿತು. ಕಳನಾಗಿ ಎಂಬುದನ್ನು ಕಳ್ಳನಾಗಿ ಎಂದು ತಿಳಿದರೆ, ಬಿಸುಗೆಗೆ ಬೆಸುಗೆ, ಕೂಟ ಎಂಬ ಅರ್ಥವನ್ನು ಹಚ್ಚಿದರೆ, ಸ್ನೇಹದಿಂದ ಬಳಿಸಾರಿ ವಂಚಿಸಿ ಇರಿದನೆಂಬ ಕಥೆ ತಾನಾಗಿಯೇ ಏಳುತ್ತದೆ. ಅನಂತರದ ವಿದ್ವಾಂಸರು ಇದನ್ನು ತಿದ್ದಿದರು. ಹಳಗನ್ನಡದಲ್ಲಿ ಬಿಸುಗೆ ಎಂದರೆ ಆನೆಯ ಮೇಲಿನ ಆಸನ. ಕಳ ಎಂದರೆ ರಣಭೂಮಿ. ಆನೆಯ ಮೇಲಣ ಆಸನವನ್ನೇ ರಣರಂಗವಾಗಿ ಮಾಡಿಕೊಂಡು ಇರಿದನೆಂದು ಅರ್ಥ. ಎಂದರೆ ಬೂತುಗ ಶತ್ರುವಿನ ಆನೆಯ ಮೇಲಕ್ಕೇ ಏರಿ, ಬಿಲ್ಲು ಭರ್ಜಿಗಳಿಗೆ ತಾವಿಲ್ಲದ ಅಷ್ಟು ಕಿರಿದಾದ ಜಾಗದಲ್ಲಿ ಸುರಿಗೆಯಿಂದ ಹೋರಿದ. ಸುರಿಗೆ ಎಂಬ ಆಯುಧ ಇಲ್ಲಿ ಕಪಟದ ಕುರುಹಲ್ಲ. ಜಾಗದ ಅಳತೆಯ ಕುರುಹು. ಒಂದು ಒತ್ತಕ್ಷರ ಹೆಚ್ಚಿದರೆ ಕೊಲೆ, ಇಲ್ಲದಿದ್ದರೆ ಕಾಳಗ.

ತಿದ್ದುಪಡಿ ಹೊಸದಲ್ಲ, ಅದನ್ನು ಬಲ್ಲವರು ಬಲ್ಲರು. ನಮ್ಮಂಥವರ ಹಳೆಯ ಟಿಪ್ಪಣಿಗಳಲ್ಲಿ ಮಾತ್ರ ಅದು ಸೇರಿರಲಿಲ್ಲ. ಈ ತಿದ್ದುಪಡಿಗೆ ತಕ್ಕೋಲದ ಆ ಕಣ ನಮಗೆ ಒದಗಿಸಿದ ಬೆಂಬಲವನ್ನು ಇಲ್ಲಿ ಹೇಳಬೇಕು. ಕನ್ನಡದ ಕಳ, ತಮಿಳಿನ ಕಳಂ ಒಂದೇ ಪದ. ಎರಡು ಭಾಷೆಗಳಲ್ಲಿಯೂ ಒಕ್ಕುವ ನೆಲವೂ ರಣಭೂಮಿಯೂ ಅದರ ಅರ್ಥಗಳು. ತಮಿಳಿನ ಪ್ರಾಚೀನ ಕಾವ್ಯದಲ್ಲಿ ಕಾಳಗವನ್ನು ಒಕ್ಕಣೆಗೆ ಹೋಲಿಸುವ ಸಂಪ್ರದಾಯವೇ ಇದೆ. ಕನ್ನಡದಲ್ಲಿ ಕಳ ಕಣವಾಗಿ, ಇಂದು ಚುನಾವಣೆಯ ಕಣದವರೆಗೆ ಬಂದಿದೆ. ಹೀಗಾಗಿ ಹಳಗನ್ನಡ ಓದಿದವರಿಗೆ ಶಬ್ದಕೋಶ ಬೇಕಾಗುವ ಕಡೆ ನಮ್ಮ ವಿದ್ಯಾರ್ಥಿಗೆ ಬೇಕಾಗಲಿಲ್ಲ. ಬತ್ತದ ಪಕ್ಕದಲ್ಲಿ ನಿಂತು ಮೂಲದ ಎರಡು ಪದಗಳನ್ನು ಬಾಯಲ್ಲಿ ಹೇಳಿದಾಗ ಅವನು ತಕ್ಷಣವೇ ಹಿಡಿದುಕೊಂಡ. ತನ್ನ ರಾಜಕುಮಾರ ಸತ್ತ ರೀತಿಯನ್ನು ಅವನು ಅನುವಾದದ ಮೂಲಕ ತಿಳಿದಾಗ ಮೋಸವಾಗಿದ್ದುದು, ತನ್ನ ಭಾಷೆಯದೇ ಪದವಾಗಿ ಕೇಳಿದಾಗ ಯುದ್ಧವಾಯಿತು.

ಇನ್ನೊಂದು ಬೆಂಬಲ ಸೋತವರ ಕಡೆಯಿಂದಲೇ ಬರುತ್ತದೆ. ನಮ್ಮ ದೃಷ್ಟಿಯಲ್ಲಿ ಅದು ಹೆಚ್ಚು ತೂಕದ್ದು. ಚೋಳರ ಬರಹಗಳಲ್ಲಿ ರಾಜಾದಿತ್ಯನಿಗೆ ನಿಂತ ಬಿರುದು, ಆನೆಯ ಮೇಲೆ ತುಂಜಿದವನು ಎಂಬುದು. ತುಂಜು ಎಂದರೆ ನಿದ್ರಿಸು. ರಾಜರ ವಿಷಯದಲ್ಲಿ ಸಾವಿಗೆ ಸೌಮ್ಯವಾದ ಮಾತು. ಲೈಡನ್ ತಾಮ್ರಪಟಗಳೆಂದು ಹೆಸರಾದ ಶಾಸನವೂ ಅವನು ಕೃಷ್ಣರಾಜನನ್ನು ಕಾಳಗದಲ್ಲಿ ಕದಲಿಸಿ, ಹಿರಿಯಾನೆಯ ಬೆನ್ನ ಮೇಲಿದ್ದಾಗಲೇ ಎದೆ ಸೀಳಿ ಸ್ವರ್ಗಸ್ಥನಾದನೆಂದು ಹೇಳುತ್ತದೆ. ಮೋಸದ ಮಾತನ್ನು ಆಡಲು ಯಾರಿಗಾದರೂ ಕಾರಣವಿದ್ದರೆ ಅದು ಚೋಳರಿಗೆ ಇತ್ತು. ಅವರು ಆಡಿಲ್ಲ. ಆನೆಯ ಬೆನ್ನೊಂದೇ ಎರಡು ಕಡೆಯವರೂ ಒಪ್ಪುವ ತಾಣ: ಕನ್ನಡದ ಕಲ್ಲಿಗೆ ಅದು ಕಳ, ತಮಿಳಿನ ಬಿರುದಿಗೆ ಅದು ನಿದ್ರೆಯ ಹಾಸುಗೆ.

ಎಲ್ಲವೂ ಹೊಂದುತ್ತದೆಂದು ನಾವು ಹೇಳುತ್ತಿಲ್ಲ. ಲೈಡನ್ ಪಟಗಳಲ್ಲಿ ಎದೆಯನ್ನು ಸೀಳಿದ್ದು ಬಾಣ, ಆತಕೂರಿನಲ್ಲಿ ಸುರಿಗೆ. ವೇಲೂರಿನ ಸಮೀಪದ ಶೋಳಪುರದ ಶಕ 871ರ ಶಾಸನ, ಕನ್ನರದೇವ ವಲ್ಲಭನು ರಾಜಾದಿತ್ಯನನ್ನು ಇರಿದು ತೊಂಡೈಮಂಡಲವನ್ನು ಹೊಕ್ಕ ವರ್ಷವೆಂದು ಕಾಲವನ್ನು ಗುರುತಿಸುತ್ತದೆ; ಅಲ್ಲಿ ಬೂತುಗನ ಸುಳಿವಿಲ್ಲ. ಅಷ್ಟೇಕೆ, ಆತಕೂರಿನ ಒಂದೇ ಕಲ್ಲಿನ ಮೊದಲ ಭಾಗದಲ್ಲಿ ಕೊಂದವನು ಕೃಷ್ಣ, ಎರಡನೆಯ ಭಾಗದಲ್ಲಿ ಬೂತುಗ! ಚಕ್ರವರ್ತಿಯ ಹೆಸರಿಗೆ ಗೆಲವು ಸಲ್ಲುವುದು ಆ ಕಾಲದ ಬರವಣಿಗೆಯ ರೂಢಿ; ಇರಿದ ಕೈಗೆ ನಾಡು ಸಲ್ಲುವುದು ರಾಜ್ಯದ ರೂಢಿ. ಒಂದೇ ಕಲ್ಲಿನಲ್ಲಿ ಎರಡೂ ನಿಂತಿರುವುದನ್ನು ವಿರೋಧವೆಂದು ಎಣಿಸಬೇಕಾಗಿಲ್ಲ. ಬಾಣದ ಮಾತಿಗಾದರೋ ಇನ್ನೊಂದು ಕಾರಣ ತೋರುತ್ತದೆ. ಲೈಡನ್ ಪಟಗಳ ಪ್ರಶಸ್ತಿ ಸಂಸ್ಕೃತದ್ದು, ಕಾಳಗದಿಂದ ಅರ್ಧ ಶತಮಾನಕ್ಕೂ ಮಿಕ್ಕು ಆಚಿನದು. ಆನೆಯ ಮೇಲಿನ ವೀರನಿಗೆ ಬಾಣದ ಮರಣವೇ ಕಾವ್ಯೋಚಿತ. ಆತಕೂರಿನ ಬರಹಗಾರನಿಗೆ ಕಾವ್ಯದ ಹಂಗಿರಲಿಲ್ಲ. ಕಾಳಗದ ಎಂಟು ವರ್ಷ ಮೊದಲು, 941ರಲ್ಲಿ, ಪಂಪ 'ವಿಕ್ರಮಾರ್ಜುನ ವಿಜಯ'ವನ್ನು ಮುಗಿಸಿದ್ದ; ಕೃಷ್ಣನ ಆಸ್ಥಾನದಲ್ಲಿ ಪೊನ್ನನಿದ್ದ. ತಕ್ಕೋಲಕ್ಕೆ ಒದಗಿದವನು ಇವರಾರೂ ಅಲ್ಲ, ಹೆಸರು ಹೇಳಿಕೊಳ್ಳದ ಒಬ್ಬ ಶಾಸನಕಾರ. ನಮ್ಮ ಮಟ್ಟಿಗೆ ಅದು ನಷ್ಟವಲ್ಲ.

ಅಂದು ಮಧ್ಯಾಹ್ನ ಊರಿನಿಂದ ಹಿಂದಿರುಗುವಾಗ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ತರಬೇತಿ ಕೇಂದ್ರದ ಗೋಡೆಯ ಪಕ್ಕದಲ್ಲಿ ಬಂದೆವು. 2025ರಲ್ಲಿ ಅದಕ್ಕೆ ರಾಜಾದಿತ್ಯ ಚೋಳನ ಹೆಸರನ್ನಿಟ್ಟಿದ್ದಾರೆ. ಸಾವಿರದ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಸೋತವನ ಹೆಸರು ಅವನು ಮಡಿದ ಊರಿನಲ್ಲಿ ಹಲಗೆಯೇರಿತು. ಗೆದ್ದ ಕೃಷ್ಣನ ಹೆಸರನ್ನಾಗಲಿ ಬೂತುಗನ ಹೆಸರನ್ನಾಗಲಿ ನಾವು ಅಲ್ಲಿ ಯಾರ ಬಾಯಲ್ಲೂ ಕೇಳಲಿಲ್ಲ. ಕನ್ನಡನಾಡಿನಲ್ಲಿಯೂ ಬೂತುಗನಿಗಿಂತ ಕಾಳಿಯೇ ಹೆಚ್ಚು ಪ್ರಸಿದ್ಧಳು.

ನಮ್ಮ ಪ್ರಯಾಣ ತಕ್ಕೋಲಕ್ಕೆ ಮುಗಿಯಬೇಕಿತ್ತು. ರೈಲಿನಲ್ಲಿ ವಿದ್ಯಾರ್ಥಿ, "ಅಂದು ಸಾಯದೆ ಉಳಿದವರು ಏನಾದರು ಸರ್?" ಎಂದು ಕೇಳಿದ್ದರಿಂದ ಮರುದಿನ ಚೆನ್ನೈಯ ಉತ್ತರದಂಚಿನ ತಿರುವೊತ್ತಿಯೂರಿಗೆ ಹೋದೆವು. ಉಳಿದ ಒಬ್ಬನ ವೃತ್ತಾಂತ ಅಲ್ಲಿಯ ಶಾಸನದಲ್ಲಿದೆ. ರಾಜಾದಿತ್ಯನು ಬಹುಕಾಲ ತಿರುಮುನೈಪ್ಪಾಡಿ ನಾಡಿನಲ್ಲಿ ಬೀಡುಬಿಟ್ಟಿದ್ದ. ಅವನ ಬಳಿ ಕೇರಳದ ಯೋಧರು ಬಹಳ ಮಂದಿ. ಗ್ರಾಮಂ ಎಂಬ ಊರಿನಲ್ಲಿ ಅವನ ಸೇನಾನಿ ಕೇರಳದ ವೆಳ್ಳನ್ ಕುಮರನ್ 943ರಲ್ಲಿ ಕಟ್ಟಿಸಿದ ಕಲ್ಲಿನ ಗುಡಿ ಇದಕ್ಕೆ ಸಾಕ್ಷಿ. ಅದೇ ಕೇರಳದಿಂದ ಬಂದು ರಾಜಾದಿತ್ಯನಿಗೆ ಆಪ್ತನಾಗಿದ್ದ ವಲ್ಲಭನೆಂಬವನು ಕಾಳಗದ ದಿನ ಒಡೆಯನ ಪಕ್ಕದಲ್ಲಿರಲಿಲ್ಲ. ಒಡೆಯನೊಡನೆ ಸಾಯಲಾಗಲಿಲ್ಲವೆಂಬ ಕೊರಗಿನಿಂದ ಲೋಕವನ್ನು ಬಿಟ್ಟು, ಗಂಗೆಯಲ್ಲಿ ಮಿಂದು, ತಿರುವೊತ್ತಿಯೂರಿನಲ್ಲಿ ಸಂನ್ಯಾಸಿಯಾಗಿ ಚತುರಾನನ ಪಂಡಿತನೆಂಬ ಹೆಸರು ತಳೆದು ಮಠದ ಅಧಿಪತಿಯಾದ. ದೇವರ ಪೂಜೆಗೆ ಅವನು ಬಿಟ್ಟ ಹೊನ್ನಿನ ದತ್ತಿಯ ಶಾಸನ ಈ ವೃತ್ತಾಂತವನ್ನು ಹೇಳುತ್ತದೆ.

ಆ ಶಾಸನದ ಕಾಲ? ಕನ್ನರದೇವನ 20ನೆಯ ಆಳ್ವಿಕೆಯ ವರ್ಷ. ಎಂದರೆ ಕಾಳಗವಾಗಿ ಸುಮಾರು ಹತ್ತು ವರ್ಷ. ತೊಂಡೈಮಂಡಲದಲ್ಲೆಲ್ಲ ಕಂಚಿಯನ್ನೂ ತಂಜೆಯನ್ನೂ ಕೊಂಡವನೆಂಬ ಬಿರುದಿನೊಡನೆ ಕೃಷ್ಣನ ಆಳ್ವಿಕೆಯ ವರ್ಷಗಳೇ ನಡೆಯುತ್ತಿದ್ದವು. ಒಡೆಯನನ್ನು ಕಳೆದುಕೊಂಡ ದುಃಖವನ್ನು ಕಲ್ಲಿನಲ್ಲಿ ಬರೆಸುವಾಗ, ಒಡೆಯನನ್ನು ಕೊಂದವನ ಆಳ್ವಿಕೆಯ ಲೆಕ್ಕದಲ್ಲಿಯೇ ಅದಕ್ಕೆ ತಿಥಿ ಹಾಕಿಸಬೇಕಾಯಿತು. ಬೂತುಗನ ದತ್ತಿಗಳ ಪಟ್ಟಿಯಲ್ಲಿ ಕಾಣದ ತಕ್ಕೋಲ ಇಲ್ಲಿದೆ. ಮಣಲೇರನ ನಾಯಿಗೆ ಕಲ್ಲು ನಿಂತ ಕಥೆಯನ್ನು ನಾವು ಕನ್ನಡಿಗರು ಎಷ್ಟು ಅಕ್ಕರೆಯಿಂದ ಹೇಳುತ್ತೇವೆಯೋ ಅಷ್ಟೇ ಅಕ್ಕರೆಯಿಂದ ಹೇಳಬೇಕಾದ ಕಥೆಯಿದು. ಹೇಳಿದವರು ಕಡಮೆ, ಏಕೆಂದರೆ ಆತಕೂರನ್ನು ಓದುವವರು ತಿರುವೊತ್ತಿಯೂರನ್ನು ಓದುವುದಿಲ್ಲ, ತಿರುವೊತ್ತಿಯೂರನ್ನು ಓದುವವರಿಗೆ ಆತಕೂರಿನ ಹಳಗನ್ನಡ ಎಟುಕುವುದಿಲ್ಲ. ಹೊರನಾಡಿನಲ್ಲಿ ಕನ್ನಡ ಕಲಿಸುತ್ತಿರುವ ನಮ್ಮಂಥವರಿಗೆ ಮಾತ್ರ ಎರಡು ಬಗೆಯ ವಿದ್ಯಾರ್ಥಿಗಳೂ ಒಂದೇ ಬೆಂಚಿನಲ್ಲಿ ಸಿಗುತ್ತಾರೆ.

ಹಿಂದಿರುಗಿದ ಮೇಲೆ ಟಿಪ್ಪಣಿಯ ಆ ಹಾಳೆಯಲ್ಲಿ ಮೋಸ ಎಂಬ ಪದವನ್ನು ಹೊಡೆದುಹಾಕಿದೆವು. ಈ ಹಿಂದೆ ನಮ್ಮಲ್ಲಿ ಆತಕೂರನ್ನು ಓದಿದ ವಿದ್ಯಾರ್ಥಿಗಳು ಈಗ ಬೇರೆ ಬೇರೆ ಊರುಗಳಲ್ಲಿ ಪಾಠ ಹೇಳುತ್ತಿದ್ದಾರೆ. ವಿಳಾಸ ಸಿಕ್ಕವರಿಗೆ ಪತ್ರ ಬರೆದಿದ್ದೇವೆ. ಸಿಗದವರು ಈ ಪತ್ರಿಕೆಯನ್ನು ನೋಡಿದರೆ, ತಮ್ಮ ಪ್ರತಿಯಲ್ಲಿಯೂ ಬಿಸುಗೆಯ ಮುಂದೆ ಆನೆಯ ಮೇಲಿನ ಆಸನ ಎಂದೂ, ಕಳದ ಮುಂದೆ ರಣಭೂಮಿ ಎಂದೂ ಬರೆದುಕೊಳ್ಳಬೇಕಾಗಿ ಕೋರುತ್ತೇವೆ.